ಅಶ್ರುರಂಧ್ರದ ಬಿರಡೆ

ಕಣ್ಣಿನ ಮೇಲ್ಮೈಯನ್ನು ಸದಾ ತೋಯಿಸುತ್ತಿರಬೇಕಾದ ಅಶ್ರುಜಲವು ಸಾಲದೆ ಹೋದಾಗ, ಇರುವಷ್ಟು ನೀರಾದರೂ ಮೂಗಿನ ಕಡೆಗೆ ಹರಿದುಹೋಗದಂತೆ ತಡೆಯುವುದಕ್ಕಾಗಿ, ರೆಪ್ಪೆಗಳ ಒಳತುದಿಯ ಸೂಕ್ಷ್ಮ ರಂಧ್ರಗಳಲ್ಲಿ ನೇತ್ರವೈದ್ಯರು ಇಡುವ ಅತಿ ಸಣ್ಣ ಸಾಧನಕ್ಕೆ ಅಶ್ರುರಂಧ್ರದ ಬಿರಡೆ ಎಂದು ಹೆಸರು. ಆಸ್ಪತ್ರೆಗಳಲ್ಲಿ ಇದನ್ನು ಪಂಕ್ಟಲ್ ಪ್ಲಗ್ ಎಂದೋ, ಬರಿದೆ ಪ್ಲಗ್ ಎಂದೋ ಕರೆಯುವುದು ರೂಢಿ. ಉದ್ದದಲ್ಲಿ ಒಂದೆರಡು ಮಿಲಿಮೀಟರ್, ದಪ್ಪದಲ್ಲಿ ಒಂದು ಮಿಲಿಮೀಟರಿಗೂ ಕಡಿಮೆ ಇರುವ ಈ ಅಲ್ಪವಸ್ತುವು ದಿನವೆಲ್ಲ ಕಣ್ಣುರಿಯಿಂದ ಬಳಲುವ ಎಷ್ಟೋ ಮಂದಿಗೆ ಓದುವ, ಬರೆಯುವ, ಗಾಳಿಯಲ್ಲಿ ನಡೆದಾಡುವ ಸಾಮರ್ಥ್ಯವನ್ನು ಮರಳಿ ತಂದುಕೊಟ್ಟಿದೆ. ಇನ್ನು ಕೆಲವರಿಗೆ ಏನನ್ನೂ ಕೊಡದೆ ಹೊಸದೊಂದು ಕಿರುಕುಳವನ್ನು ಮಾತ್ರ ಸೇರಿಸಿದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ತಿಳಿಯಬೇಕಾದರೆ, ಬಿರಡೆಯು ಕಣ್ಣೀರನ್ನು ಹುಟ್ಟಿಸುವ ಉಪಾಯವಲ್ಲ, ಹುಟ್ಟಿದ ಕಣ್ಣೀರನ್ನು ಉಳಿಸುವ ಉಪಾಯ ಮಾತ್ರವೆಂಬುದನ್ನು ಮೊದಲಿಗೇ ಮನಸ್ಸಿನಲ್ಲಿ ಇಟ್ಟುಕೊಳ್ಳತಕ್ಕದ್ದು.

ಅಶ್ರುವು ಮಿದುಳಿನಿಂದ ಇಳಿದು ಬರುವ ದ್ರವವೆಂದು ಯೂರೋಪಿನಲ್ಲಿ ಬಹುಕಾಲ ನಂಬಿದ್ದರು. ಆ ನಂಬಿಕೆಯನ್ನು ನಿವಾರಿಸಿ, ಅದು ಕಣ್ಣಿನ ಗ್ರಂಥಿಗಳಲ್ಲಿಯೇ ಸ್ರವಿಸುವುದೆಂದು 1662ರಲ್ಲಿ ಪ್ರಕಟಿಸಿದವನು ಡೆನ್ಮಾರ್ಕಿನ ಅಂಗರಚನಾಶಾಸ್ತ್ರಜ್ಞ ನೀಲ್ಸ್ ಸ್ಟೆನ್ಸೆನ್. ರೆಪ್ಪೆಯ ಅಂಚಿನಲ್ಲಿ ಸಾಲಾಗಿ ನಿಂತು ಜಿಡ್ಡನ್ನು ಒಸರುವ ಗ್ರಂಥಿಗಳನ್ನು 1666ರಲ್ಲಿ ಜರ್ಮನಿಯ ಹೈನ್ರಿಖ್ ಮೈಬೋಮ್ ವಿವರಿಸಿದನು. ಅವು ಇಂದಿಗೂ ಮೀಬೋಮಿಯನ್ ಗ್ರಂಥಿಗಳೆಂದೇ ಪ್ರಸಿದ್ಧವಾಗಿವೆ. ಹುಬ್ಬಿನ ಕೆಳಗೆ, ಕಣ್ಣುಗುಳಿಯ ಮೇಲುಭಾಗದ ಹೊರಮೂಲೆಯಲ್ಲಿರುವ ಅಶ್ರುಗ್ರಂಥಿಯಿಂದ ನೀರು, ರೆಪ್ಪೆಯಂಚಿನ ಗ್ರಂಥಿಗಳಿಂದ ಜಿಡ್ಡು, ಕಣ್ಣಿನ ಬಿಳಿಯ ಭಾಗವನ್ನು ಹೊದೆದ ತೆಳುಪೊರೆಯ ಕೋಶಗಳಿಂದ ಲೋಳೆ, ಹೀಗೆ ಮೂರು ಮೂಲಗಳಿಂದ ಬಂದ ದ್ರವ್ಯಗಳು ಕೂಡಿ, ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಯಾದ ಕಾರ್ನಿಯದ ಮೇಲೆ ಹರಡುವ ಪಟಲವು ಒಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಪಾಲು ದಪ್ಪವಿರುತ್ತದೆ. ಲೋಳೆಯು ನೀರು ಕಣ್ಣಿಗೆ ಅಂಟಿ ನಿಲ್ಲುವಂತೆಯೂ ಜಿಡ್ಡು ಆ ನೀರು ಗಾಳಿಗೆ ಆರಿಹೋಗದಂತೆಯೂ ನೋಡಿಕೊಳ್ಳುತ್ತವೆ. ನಾವು ನೋಟವೆಂದು ಕರೆಯುವುದರ ಮೊದಲ ಪಾರದರ್ಶಕ ಪದರವೇ ಇದಾದ ಕಾರಣ, ಈ ಪಟಲವು ಅಲ್ಲಲ್ಲಿ ಒಡೆದರೆ ಉರಿಯೊಂದೇ ಅಲ್ಲ, ಅಕ್ಷರಗಳು ಮಸುಕಾಗುವುದೂ ಉಂಟು.

ಹೀಗೆ ಬಂದ ಅಶ್ರುವು ಎಲ್ಲಿಗೆ ಹೋಗುತ್ತದೆ? ಒಂದಂಶ ಆವಿಯಾಗುತ್ತದೆ, ಉಳಿದದ್ದು ಮೂಗನ್ನು ಸೇರುತ್ತದೆ. ಕನ್ನಡಿಯ ಮುಂದೆ ನಿಂತು ಕೆಳರೆಪ್ಪೆಯ ಒಳತುದಿಯನ್ನು ಬೆರಳಿನಿಂದ ಮೆಲ್ಲನೆ ಕೆಳಕ್ಕೆ ಎಳೆದು ನೋಡಿದರೆ, ಮೂಗಿನ ಬದಿಯ ಮೂಲೆಯಿಂದ ಸುಮಾರು 6 ಮಿಲಿಮೀಟರ್ ಈಚೆಗೆ ಒಂದು ಸಣ್ಣ ಉಬ್ಬೂ ಅದರ ನೆತ್ತಿಯಲ್ಲಿ ಸೂಜಿಮೊನೆಯಷ್ಟು ಕಿಂಡಿಯೂ ಕಾಣುತ್ತವೆ. ಸುಮಾರು 0.3 ಮಿಲಿಮೀಟರ್ ವ್ಯಾಸದ ಇದೇ ಅಶ್ರುರಂಧ್ರ. ಪ್ರತಿ ಕಣ್ಣಿಗೂ ಮೇಲೊಂದು ಕೆಳಗೊಂದು ಇಂಥ ರಂಧ್ರಗಳಿದ್ದು, ಅವುಗಳಿಂದ ಹೊರಟ ಕಿರುನಾಳಗಳು ಮೊದಲು ಸುಮಾರು 2 ಮಿಲಿಮೀಟರ್ ನೆಟ್ಟಗೆ ಸಾಗಿ, ಬಳಿಕ ಮೂಗಿನ ಕಡೆಗೆ ಬಾಗಿ ಇನ್ನೂ 8 ಮಿಲಿಮೀಟರ್ ಹರಿದು, ಬಹುಮಂದಿಯಲ್ಲಿ ಒಂದಾಗಿ ಸೇರಿ, ಮೂಗಿನ ಪಕ್ಕದ ಅಶ್ರುಕೋಶವನ್ನು ಮುಟ್ಟುತ್ತವೆ; ಅಲ್ಲಿಂದ ಕೆಳಗಿಳಿಯುವ ದೊಡ್ಡ ನಾಳವು ಮೂಗಿನೊಳಗೆ ತೆರೆದುಕೊಳ್ಳುತ್ತದೆ. ರೆಪ್ಪೆ ಮುಚ್ಚಿ ತೆರೆಯುವ ಪ್ರತಿಯೊಂದು ಸಲವೂ ಸುತ್ತಲಿನ ಸ್ನಾಯು ಈ ಮಾರ್ಗವನ್ನು ಹಿಂಡಿ ಬಿಡುವುದರಿಂದ ನೀರು ತಾನಾಗಿ ಒಳಕ್ಕೆ ಸೆಳೆಯಲ್ಪಡುತ್ತದೆ. ಅತ್ತಾಗ ಮೂಗು ಸೋರುವುದೂ, ಕಣ್ಣಿಗೆ ಹಾಕಿದ ಔಷಧದ ಕಹಿ ಸ್ವಲ್ಪ ಹೊತ್ತಿನಲ್ಲೇ ಗಂಟಲಲ್ಲಿ ತಿಳಿಯುವುದೂ ಇದರಿಂದಲೇ. ಸ್ವಸ್ಥವಾದ ಒಂದು ಕಣ್ಣಿನಲ್ಲಿ ಯಾವ ಹೊತ್ತಿಗೂ ಇರುವ ಅಶ್ರುವಿನ ಪ್ರಮಾಣ ಸುಮಾರು 7 ಮೈಕ್ರೊಲೀಟರ್ ಮಾತ್ರ. ನಿಮಿಷಕ್ಕೆ ಹೊಸದಾಗಿ ಬಂದು ಸೇರುವುದು ಒಂದು ಮೈಕ್ರೊಲೀಟರಿಗೆ ಸ್ವಲ್ಪ ಮೇಲೆ. ಸೀಸೆಯಿಂದ ಬೀಳುವ ಔಷಧದ ಒಂದೇ ಹನಿ 30ರಿಂದ 50 ಮೈಕ್ರೊಲೀಟರ್ ಇರುತ್ತದೆಂಬುದನ್ನು ನೆನೆದರೆ, ಹಾಕಿದ ಹನಿಯ ಬಹುಭಾಗ ಏಕೆ ಕೆನ್ನೆಗೂ ಮೂಗಿಗೂ ವ್ಯರ್ಥವಾಗಿ ಹೋಗುವುದೆಂದು ಗೊತ್ತಾಗುತ್ತದೆ.

ಕಣ್ಣಿನ ಶುಷ್ಕತೆ ಹೊಸ ಕಾಲದ ರೋಗವಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಎಣಿಸುವಾಗ, ಇಡೀ ಕಣ್ಣನ್ನು ವ್ಯಾಪಿಸುವ ವ್ಯಾಧಿಗಳ ವರ್ಗದಲ್ಲಿ ಶುಷ್ಕಾಕ್ಷಿಪಾಕವನ್ನು ಸೇರಿಸಿ, ರೆಪ್ಪೆಯು ಒರಟಾಗಿ ಗಡುಸಾಗುವುದು, ನೋಟ ಕದಡುವುದು, ಕಣ್ಣು ತೆರೆಯುವುದೇ ದುಸ್ಸಾಧ್ಯವಾಗುವುದು ಎಂಬ ಲಕ್ಷಣಗಳನ್ನು ಹೇಳಿದೆ. ಇಂದಿನ ರೋಗಿಯ ಅಳಲು ಇದಕ್ಕಿಂತ ಬಹಳ ಭಿನ್ನವಲ್ಲ. ಆಧುನಿಕ ವೈದ್ಯದಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ರೂಪ ಬಂದದ್ದು 1933ರಲ್ಲಿ, ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ತನ್ನ ಪ್ರೌಢಪ್ರಬಂಧದಲ್ಲಿ 19 ಮಂದಿ ಸ್ತ್ರೀಯರ ಒಣಗಿದ ಕಣ್ಣುಗಳನ್ನು ವರ್ಣಿಸಿ, ಅವರಲ್ಲಿ ಹಲವರಿಗೆ ಕೀಲುವಾಯುವೂ ಇದ್ದುದನ್ನು ತೋರಿಸಿಕೊಟ್ಟಾಗ. ದೇಹದ ರಕ್ಷಣಾವ್ಯವಸ್ಥೆಯೇ ತನ್ನ ಅಶ್ರುಗ್ರಂಥಿಗಳನ್ನೂ ಜೊಲ್ಲಿನ ಗ್ರಂಥಿಗಳನ್ನೂ ಕೆಡಿಸುವ ಆ ರೋಗಕ್ಕೆ ಅವನ ಹೆಸರೇ ನಿಂತಿದೆ. ಆದರೆ ಶುಷ್ಕತೆಗೆ ಅದೊಂದೇ ಕಾರಣವಲ್ಲ. ವಯಸ್ಸು, ಸ್ತ್ರೀಯರಲ್ಲಿ ಮುಟ್ಟು ನಿಲ್ಲುವ ಕಾಲದ ಮಾರ್ಪಾಡುಗಳು, ನೆಗಡಿ ಅಲರ್ಜಿಗಳಿಗೆ ಕೊಡುವ ಮಾತ್ರೆಗಳು, ಕನ್ನಡಕ ಬಿಡಿಸಲು ಕಾರ್ನಿಯದ ಮೇಲೆ ಮಾಡುವ ಲೇಸರ್ ಶಸ್ತ್ರಕ್ರಿಯೆ, ಔಷಧದ ವಿಪರೀತ ಪ್ರತಿಕ್ರಿಯೆಯಿಂದ ಬರುವ ಘೋರವಾದ ಸ್ಟೀವನ್ಸ್-ಜಾನ್ಸನ್ ವ್ಯಾಧಿ, ಇವೆಲ್ಲವೂ ಕಾರಣಗಳೇ. ಕಂಪ್ಯೂಟರಿನ ತೆರೆಯನ್ನು ಎವೆಯಿಕ್ಕದೆ ನೋಡುತ್ತ ಏರ್ ಕಂಡೀಷನರಿನ ಒಣಗಾಳಿಯಲ್ಲಿ ದಿನಗಟ್ಟಲೆ ಕೂರುವವರಿಗೂ, ಬೆಂಗಳೂರಿನಂಥ ಊರುಗಳಲ್ಲಿ ಅವರ ಸಂಖ್ಯೆ ಅಲ್ಪವಲ್ಲ, ಈ ತೊಂದರೆ ಚಿರಪರಿಚಿತ.

ಶುಷ್ಕನೇತ್ರವನ್ನು ಸ್ಥೂಲವಾಗಿ ಎರಡು ಬಗೆಯಾಗಿ ವಿಂಗಡಿಸುತ್ತಾರೆ: ನೀರೇ ಸಾಕಷ್ಟು ಬಾರದಿರುವುದು ಒಂದು, ಬಂದ ನೀರು, ಜಿಡ್ಡಿನ ಹೊದಿಕೆ ಕೆಟ್ಟಿರುವ ಕಾರಣ, ಬೇಗನೆ ಆರಿಹೋಗುವುದು ಇನ್ನೊಂದು. ಎರಡನೆಯದೇ ಹೆಚ್ಚು ಮಂದಿಯಲ್ಲಿ ಕಾಣುವಂಥದು. ಎರಡೂ ಬೆರೆತಿರುವುದೂ ವಿರಳವಲ್ಲ. ಮರಳು ಬಿದ್ದ ಹಾಗೆ ಚುಚ್ಚುವುದು, ಉರಿ, ಸಂಜೆಯ ವೇಳೆಗೆ ರೆಪ್ಪೆ ಭಾರವಾಗುವುದು, ಬೆಳಕನ್ನು ಸಹಿಸಲಾರದಿರುವುದು ಇದರ ಲಕ್ಷಣಗಳು. ಒಣಗಿದ ಕಾರ್ನಿಯದ ನರಗಳು ಕೆರಳಿ ಗ್ರಂಥಿಯನ್ನು ಪ್ರಚೋದಿಸುವುದರಿಂದ ಕಣ್ಣಲ್ಲಿ ಆಗಾಗ ದಳದಳನೆ ನೀರು ಇಳಿಯುವುದೂ ಉಂಟಾಗಿ, ಕಣ್ಣು ಒಣಗಿದೆಯೆಂದು ವೈದ್ಯರು ಹೇಳಿದರೆ ರೋಗಿ ನಂಬದೆ ಹೋಗುವುದುಂಟು. ಹೊರಗಿನವರ ಕಣ್ಣಿಗೆ ಏನೂ ಕಾಣದ ಈ ನೋವನ್ನು ಮನೆಯವರೂ ಮೇಲಧಿಕಾರಿಗಳೂ ಒಮ್ಮೊಮ್ಮೆ ವೈದ್ಯರೂ ಲಘುವಾಗಿ ಎಣಿಸುವುದು ವಿಷಾದಕರ. ಗಂಟೆಗೊಮ್ಮೆ ಸೀಸೆಯನ್ನು ಹುಡುಕುವ ಬಾಳು ಮನುಷ್ಯನ ಉದ್ಯೋಗವನ್ನೂ ನಿದ್ರೆಯನ್ನೂ ಉತ್ಸಾಹವನ್ನೂ ಮೆಲ್ಲಮೆಲ್ಲನೆ ಕಸಿದುಕೊಳ್ಳಬಲ್ಲದು.

ಹೊರಹರಿವನ್ನು ತಡೆದರೆ ಕಣ್ಣು ತೇವವಾಗಿ ಉಳಿದೀತೆಂಬ ಆಲೋಚನೆಯನ್ನು ಕಾರ್ಯರೂಪಕ್ಕೆ ತಂದವರಲ್ಲಿ ಮೊದಲಿಗನೆಂದು ಅಮೆರಿಕದ ವಿಲಿಯಂ ಬೀತಮನನ್ನು ಹೆಸರಿಸುತ್ತಾರೆ. ಒಣಗಿದ ಕಾರ್ನಿಯದ ಮೇಲೆ ಎಳೆಎಳೆಯಾಗಿ ಲೋಳೆ ಅಂಟಿಕೊಳ್ಳುವ ಒಂದು ವ್ಯಾಧಿಗೆ, ಅವನು 1935ರಲ್ಲಿ ಪ್ರಕಟಿಸಿದ ವಿಧಾನದಂತೆ, ಅಶ್ರುರಂಧ್ರಗಳನ್ನು ವಿದ್ಯುತ್ತಿನ ಶಾಖದಿಂದ ಸುಟ್ಟು ಮುಚ್ಚಲಾಯಿತು. ಫಲವಿದ್ದರೂ ಆ ಕ್ರಮದಲ್ಲಿ ಹಿಂದಿರುಗುವ ದಾರಿ ಇರಲಿಲ್ಲ. ಮುಚ್ಚಿದ ಮೇಲೆ ನೀರು ಅತಿಯಾಗಿ ಕೆನ್ನೆಯ ಮೇಲೆ ಸುರಿಯತೊಡಗಿದರೆ ರೋಗಿಗೆ ಒಂದು ಕಷ್ಟ ಹೋಗಿ ಇನ್ನೊಂದು ಬರುತ್ತಿತ್ತು. ಈ ಭಯವನ್ನು ನೀಗುವ ಉದ್ದೇಶದಿಂದ ಬ್ರಿಟನ್ನಿನ ವಾಲೇಸ್ ಫೌಲ್ಡ್ಸ್ 1961ರಲ್ಲಿ ಜೆಲಟಿನ್ನಿನ ಸಣ್ಣ ಕಡ್ಡಿಗಳನ್ನು ಕಿರುನಾಳದೊಳಗೆ ಇಡುವ ಕ್ರಮವನ್ನು ವರದಿ ಮಾಡಿದನು. ಅವು ತಾವಾಗಿ ಕರಗಿಹೋಗುವುದರಿಂದ, ಮುಚ್ಚಿದರೆ ಹೇಗಿರುವುದೆಂದು ಪರೀಕ್ಷಿಸಿ ನೋಡಲು ಅನುಕೂಲವಾಯಿತು. ಅಮೆರಿಕದ ಮೆಂಫಿಸ್ ನಗರದ ಜೆರ್ ಫ್ರೀಮನ್ 1975ರಲ್ಲಿ ಪ್ರಕಟಿಸಿದ ಬಿರಡೆಯೇ ಇಂದಿನ ಬಹುತೇಕ ಬಿರಡೆಗಳ ಮೂಲಪುರುಷ. ಮೇಲೆ ಅಗಲವಾದ ತಲೆ, ನಡುವೆ ಸಣ್ಣ ಕತ್ತು, ಕೆಳಗೆ ಉಬ್ಬಿದ ತುದಿ ಇರುವ ಆ ರಚನೆಯಲ್ಲಿ ತಲೆಯು ಬಿರಡೆ ಒಳಕ್ಕೆ ಜಾರದಂತೆಯೂ ಉಬ್ಬಿದ ತುದಿಯು ಹೊರಕ್ಕೆ ಬಾರದಂತೆಯೂ ತಡೆಯುತ್ತವೆ. ಬೇಡವೆನಿಸಿದ ದಿನ ಚಿಮುಟದಿಂದ ತಲೆಯನ್ನು ಹಿಡಿದು ಎಳೆದುಬಿಡಬಹುದು. ಬೇಡವಾದರೆ ತೆಗೆಯಬಹುದೆಂಬ ಈ ಒಂದು ಗುಣವೇ ಬಿರಡೆಯನ್ನು ಸಾಮಾನ್ಯ ಚಿಕಿತ್ಸೆಯನ್ನಾಗಿ ಮಾಡಿತೆಂದರೆ ತಪ್ಪಾಗಲಾರದು.

ಈಗ ಬಳಕೆಯಲ್ಲಿರುವವುಗಳಲ್ಲಿ ಕೊಲಾಜೆನ್ನಿನಿಂದ ಮಾಡಿದವು ಕೆಲವೇ ದಿನಗಳಲ್ಲಿ ಕರಗುತ್ತವೆ. ಹೊಲಿಗೆಯ ದಾರಗಳಿಗೆ ಉಪಯೋಗಿಸುವ ಪಾಲಿಡಯಾಕ್ಸನೋನ್ ಮೊದಲಾದವುಗಳಿಂದ ಮಾಡಿದವು ಕೆಲವು ತಿಂಗಳು ಬಾಳುತ್ತವೆ. ಸಿಲಿಕೋನಿನವು ಬಿದ್ದುಹೋಗುವವರೆಗೆ ಅಥವಾ ತೆಗೆಯುವವರೆಗೆ ಇರುತ್ತವೆ. ರಂಧ್ರದ ಬಾಯಲ್ಲಿ ಕುಳಿತು ಹೊರಗೆ ಕಾಣುವಂಥವಲ್ಲದೆ, ಪೂರ್ತಿ ಒಳಗೆ ಕಿರುನಾಳದಲ್ಲಿಯೇ ಅಡಗಿ ಕೂರುವ ಜಾತಿಯೂ ಒಂದುಂಟು. ದೇಹದ ಶಾಖಕ್ಕೆ ಮೆತ್ತಗಾಗಿ ನಾಳದ ಆಕಾರವನ್ನೇ ತಾಳುವ ಅಕ್ರಿಲಿಕ್ ಬಿರಡೆಗಳೂ, ನೀರನ್ನು ಹೀರಿ ಉಬ್ಬುವ ಹೈಡ್ರೊಜೆಲ್ ಬಿರಡೆಗಳೂ ಈ ಜಾತಿಗೆ ಸೇರಿದವು. ಒಳಗಡಗಿದ್ದು ರೆಪ್ಪೆಗೆ ಉಜ್ಜುವುದಿಲ್ಲವೆಂಬುದು ಇವುಗಳ ಗುಣ. ಇದೆಯೋ ಇಲ್ಲವೋ ಸುಲಭವಾಗಿ ತಿಳಿಯದಿರುವುದೂ, ಸೋಂಕು ತಗುಲಿದರೆ ಉಪ್ಪುನೀರನ್ನು ಒತ್ತಿ ಮೂಗಿನ ಕಡೆಗೆ ತಳ್ಳಬೇಕಾಗುವುದೂ, ಅದಕ್ಕೂ ಬಗ್ಗದಿದ್ದರೆ ಶಸ್ತ್ರಕ್ರಿಯೆ ಬೇಕಾಗುವುದೂ ಇವುಗಳ ದೋಷ. ಬೇಕಾದಾಗ ತೆಗೆಯಲಾಗುವಂಥದನ್ನು ಮೊದಲು ಆರಿಸಿಕೊಳ್ಳುವುದೇ ವಿವೇಕವೆಂದು ಈ ಲೇಖಕನ ಎಣಿಕೆ.

ಬಿರಡೆ ಯಾರಿಗೆ ತಕ್ಕದ್ದೆಂಬ ಪ್ರಶ್ನೆ ಎಲ್ಲಕ್ಕಿಂತ ಮುಖ್ಯವಾದದ್ದು. ಕೆರೆಯ ತೂಬನ್ನು ಮುಚ್ಚಿದ ಮಾತ್ರಕ್ಕೆ ಮಳೆ ಬರುವುದಿಲ್ಲ, ಇದ್ದ ನೀರು ನಿಲ್ಲುತ್ತದೆ. ಆ ನೀರಿನಲ್ಲಿ ಕೊಳೆಯಿದ್ದರೆ ಅದೂ ಜೊತೆಗೆ ನಿಲ್ಲುತ್ತದೆ. ಒಣಗಿದ ಕಣ್ಣಿನ ಅಶ್ರುವಿನಲ್ಲಿ ಉರಿಯೂತವನ್ನು ಹೆಚ್ಚಿಸುವ ರಾಸಾಯನಿಕಗಳು ಸೇರಿರುವುದು ಸಾಮಾನ್ಯವಾದ ಕಾರಣ, ಉರಿಯೂತ ಪ್ರಬಲವಾಗಿರುವಾಗಲೇ ರಂಧ್ರವನ್ನು ಮುಚ್ಚಿದರೆ ಆ ವಸ್ತುಗಳು ಕಣ್ಣಿನ ಮೇಲೆಯೇ ತಂಗಿ ತೊಂದರೆಯನ್ನು ಬೆಳೆಸಬಹುದೆಂಬ ಆತಂಕ ತಜ್ಞರಲ್ಲಿದೆ. ಆದುದರಿಂದ ಮೊದಲು ರೆಪ್ಪೆಯಂಚಿನ ಊತಕ್ಕೆ ಬಿಸಿ ಶಾಖ ಮತ್ತು ಶುಚಿ, ಉರಿಯೂತಕ್ಕೆ ಸೈಕ್ಲೊಸ್ಪೊರಿನ್ ಮುಂತಾದ ಹನಿ, ತರುವಾಯ ಬಿರಡೆ ಎಂಬ ಕ್ರಮವನ್ನು ಅನೇಕರು ಅನುಸರಿಸುತ್ತಾರೆ. ನೀರಿನ ಕೊರತೆಯನ್ನು ಅಳೆಯಲು ಜರ್ಮನಿಯ ಒಟ್ಟೊ ಶಿರ್ಮರ್ 1903ರಲ್ಲಿ ಹೇಳಿಕೊಟ್ಟ ಪರೀಕ್ಷೆ ಇಂದಿಗೂ ಚಾಲ್ತಿಯಲ್ಲಿದೆ: 5 ಮಿಲಿಮೀಟರ್ ಅಗಲದ ಸೋಸುಕಾಗದದ ಪಟ್ಟಿಯನ್ನು ಕೆಳರೆಪ್ಪೆಗೆ ಸಿಕ್ಕಿಸಿ, ಐದು ನಿಮಿಷಗಳಲ್ಲಿ ಅದು ಎಷ್ಟು ಉದ್ದ ತೋಯಿತೆಂದು ನೋಡುವುದು. 5 ಮಿಲಿಮೀಟರಿಗೂ ಕಡಿಮೆಯಾದರೆ ಕೊರತೆ ತೀವ್ರವೆಂದು ತಿಳಿಯುತ್ತಾರೆ. ಫ್ಲೋರಸೀನ್ ಬಣ್ಣವನ್ನು ಹಾಕಿ, ಎವೆಯಿಕ್ಕಿದ ಮೇಲೆ ಅಶ್ರುಪಟಲ ಎಷ್ಟು ಸೆಕೆಂಡಿಗೆ ಒಡೆಯುವುದೆಂದು ಎಣಿಸುವುದು ಮತ್ತೊಂದು ಪರೀಕ್ಷೆ. 10 ಸೆಕೆಂಡಿಗೂ ಮೊದಲೇ ಒಡೆದರೆ ಅದು ಅಸ್ಥಿರ. ಈ ಪರೀಕ್ಷೆಗಳನ್ನು ಮಾಡದೆ ಬಿರಡೆಯಿಡುವುದು ಕತ್ತಲಲ್ಲಿ ಕೈಯಾಡಿಸುವುದಕ್ಕೆ ಸಮಾನ. ಕಣ್ಣಿಗೋ ಅಶ್ರುಕೋಶಕ್ಕೋ ಸೋಂಕು ತಗುಲಿರುವವರಿಗಂತೂ ಅದು ಸರ್ವಥಾ ನಿಷಿದ್ಧ.

ಇಡುವ ಕ್ರಿಯೆ ಸುಲಭವಾದದ್ದು. ವೈದ್ಯರು ಸ್ಲಿಟ್ ಲ್ಯಾಂಪ್ ಎಂಬ ಕಣ್ಣುಪರೀಕ್ಷೆಯ ಸೂಕ್ಷ್ಮದರ್ಶಕದ ಮುಂದೆ ರೋಗಿಯನ್ನು ಕೂರಿಸಿ, ಮರವಳಿಕೆಯ ಹನಿಯನ್ನು ಹಾಕಿ, ರಂಧ್ರದ ಅಳತೆಯನ್ನು ತೆಗೆದುಕೊಂಡು, ಬೇಕಿದ್ದರೆ ಅದನ್ನು ಸ್ವಲ್ಪ ಹಿಗ್ಗಿಸಿ, ತಕ್ಕ ಗಾತ್ರದ ಬಿರಡೆಯನ್ನು ಸಣ್ಣ ಸಲಾಕೆಯ ತುದಿಯಿಂದ ಒಳಗೆ ಕೂರಿಸುತ್ತಾರೆ. ಕೆಲವು ನಿಮಿಷಗಳ ಕೆಲಸ. ರೋಗಿ ಅಂದೇ ಮನೆಗೆ ನಡೆದುಹೋಗಬಹುದು. ಅಳತೆಯಲ್ಲಿ ಮಾತ್ರ ಉದಾಸೀನ ಸಲ್ಲದು: ಸಣ್ಣದಾದರೆ ಬಿದ್ದುಹೋಗುತ್ತದೆ, ದೊಡ್ಡದಾದರೆ ರಂಧ್ರವನ್ನು ಹರಿಯಬಹುದು. ಸಾಧಾರಣವಾಗಿ ಮೊದಲು ಎರಡು ಕೆಳರೆಪ್ಪೆಗಳಿಗೆ ಇಟ್ಟು ನೋಡಿ, ಸಾಲದಿದ್ದರೆ ಮಾತ್ರ ಮೇಲಿನವಕ್ಕೂ ಇಡುತ್ತಾರೆ.

ಬಿರಡೆಯೊಡನೆ ಬಾಳುವ ಬಗೆಯನ್ನು ಕುರಿತು ಕೊಂಚ ವಿಸ್ತಾರವಾಗಿ ಹೇಳಬೇಕಾಗಿದೆ; ಏಕೆಂದರೆ ಇಟ್ಟ ದಿನದ ಸೂಚನೆಗಳು ಎರಡು ಮಾತಿನಲ್ಲಿ ಮುಗಿದು, ರೋಗಿಯು ಉಳಿದದ್ದನ್ನು ತಾನೇ ಕಲಿಯಬೇಕಾಗುವ ಸಂದರ್ಭಗಳೇ ಹೆಚ್ಚು. ಮೊದಲ ಕೆಲವು ದಿನ ಕಣ್ಣಿನ ಒಳಮೂಲೆಯಲ್ಲಿ ಏನೋ ಇದೆಯೆಂಬ ಅರಿವು, ಮೂಗಿನ ಕಡೆ ನೋಡಿದಾಗ ಚುಚ್ಚಿದಂತಾಗುವುದು, ತುಸು ನೀರಾಡುವುದು ಸಹಜ. ಬಹುಮಂದಿಗೆ ಇದು ತಾನಾಗಿ ಮರೆತುಹೋಗುತ್ತದೆ. ಆರೋಗ್ಯವಂತರ ಕಣ್ಣುಗಳಿಗೆ ಬಿರಡೆಯಿಟ್ಟು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಮೊದಲು ಅಶ್ರುವಿನ ಉತ್ಪತ್ತಿಯೂ ಕಣ್ಣಿನ ಮೇಲ್ಮೈಯ ಸಂವೇದನೆಯೂ ಕುಗ್ಗಿ, ಸುಮಾರು ಎರಡು ವಾರಗಳ ಹೊತ್ತಿಗೆ ಎಂದಿನ ಮಟ್ಟಕ್ಕೆ ಮರಳಿದುವು. ಮೊದಲ ವಾರಗಳ ಅನುಭವದಿಂದಲೇ ಚಿಕಿತ್ಸೆಯ ಫಲವನ್ನು ತೀರ್ಮಾನಿಸಬಾರದೆಂಬುದಕ್ಕೆ ಇದೂ ಒಂದು ಆಧಾರ. ಆದರೆ ಒಂದು ಗೆರೆಯನ್ನು ನೆನಪಿಡತಕ್ಕದ್ದು: ದಿನದಿನಕ್ಕೆ ಕಡಿಮೆಯಾಗುವ ಕಿರುಕುಳ ಹೊಂದಿಕೆಯ ಲಕ್ಷಣ, ದಿನದಿನಕ್ಕೆ ಹೆಚ್ಚುವ ನೋವು, ಮೂಲೆಯ ಕೆಂಪು, ಊತ, ಕೀವು ಅಥವಾ ಹಳದಿ ಪಿಸುರು ವೈದ್ಯರ ಬಳಿಗೆ ತಡಮಾಡದೆ ಹೋಗಬೇಕೆಂಬುದರ ಲಕ್ಷಣ.

ಕಣ್ಣುಜ್ಜುವ ಅಭ್ಯಾಸವೇ ಬಿರಡೆಗೆ ದೊಡ್ಡ ವೈರಿ. ಮುಖ ತೊಳೆಯುವಾಗ ಒಳಮೂಲೆಯನ್ನು ತಿಕ್ಕದೆ, ಒರೆಸುವಾಗ ಮೆತ್ತನೆಯ ಬಟ್ಟೆಯನ್ನು ಒತ್ತಿ ತೆಗೆಯುವುದು ಒಳ್ಳೆಯದು. ನಮ್ಮಲ್ಲಿ ಬೆರಳ ತುದಿಯಿಂದ ಕೆಳರೆಪ್ಪೆಯ ಉದ್ದಕ್ಕೂ ಕಾಡಿಗೆ ಎಳೆಯುವ ರೂಢಿಯಿರುವ ಹೆಂಗಸರು ಆ ಎಳೆತವನ್ನು ಮೂಲೆಗೆ ಮುಟ್ಟಿಸದಿರಬೇಕು. ಬಿರಡೆ ಸರಿಯುವುದಲ್ಲದೆ, ಕಾಡಿಗೆಯ ಕಣಗಳು ಹೊರಹೋಗುವ ದಾರಿ ಕಾಣದೆ ಕಣ್ಣಿನಲ್ಲೇ ಸುಳಿದಾಡುವುವು. ಇದೇ ನ್ಯಾಯ ಔಷಧಕ್ಕೂ ಅನ್ವಯಿಸುತ್ತದೆ. ಹಾಕಿದ ಹನಿ ಮೊದಲಿಗಿಂತ ಹೆಚ್ಚು ಹೊತ್ತು ನಿಲ್ಲುವುದರಿಂದ ಕೃತಕಾಶ್ರುವನ್ನು ಪದೇ ಪದೇ ಹಾಕುವ ಅಗತ್ಯ ತಗ್ಗುತ್ತದೆ. ಆದರೆ ಸೀಸೆಯ ಔಷಧ ಕೆಡದಂತೆ ಬೆರೆಸುವ ಬೆಂಜಲ್ಕೋನಿಯಂ ಕ್ಲೋರೈಡಿನಂಥ ಸಂರಕ್ಷಕವೂ ಅಷ್ಟೇ ಹೊತ್ತು ನಿಂತು ಕಣ್ಣಿನ ಕೋಶಗಳನ್ನು ಬಾಧಿಸುವುದು. ಆದಕಾರಣ ಬಿರಡೆಯುಳ್ಳವರು ಸಂರಕ್ಷಕವಿಲ್ಲದ ಹನಿಗಳನ್ನು ಬಳಸುವುದು ಹಿತ. ಗ್ಲೊಕೋಮಕ್ಕೆಂದು ಬೇರೆ ಹನಿಗಳನ್ನು ಹಾಕಿಕೊಳ್ಳುವವರು ಎರಡೂ ಚಿಕಿತ್ಸೆಗಳ ವಿಷಯವನ್ನು ವೈದ್ಯರಿಗೆ ತಿಳಿಸಿರಬೇಕು.

ಬಿರಡೆಯಿಟ್ಟವರ ಬಾಳು ಎರಡು ಅತಿಗಳ ನಡುವಣ ಸಮತೋಲ. ಬೇಸಗೆಯ ಒಣಗಾಳಿಯಲ್ಲಿ, ದೂರದ ಬಸ್ಸಿನ ಪ್ರಯಾಣದಲ್ಲಿ, ರಾತ್ರಿ ಫ್ಯಾನಿನ ಕೆಳಗೆ ಅದು ವರವಾಗಿ ಕಾಣುತ್ತದೆ. ಚಳಿಗಾಲದ ಮುಂಜಾನೆ, ಈರುಳ್ಳಿ ಹೆಚ್ಚುವಾಗ, ದುಃಖ ಉಕ್ಕಿದಾಗ ನೀರು ಬೇಗನೆ ತುಂಬಿ ಕೆನ್ನೆಗಿಳಿಯುತ್ತದೆ. ಈ ಹೊರಚೆಲ್ಲುವಿಕೆ ಯಾವಾಗಲೋ ಒಮ್ಮೆ ಆದರೆ ಸಹಿಸಬಹುದು. ದಿನವಿಡೀ ಆದರೆ ಒಂದೆರಡು ಬಿರಡೆಗಳನ್ನು ತೆಗೆಸುವುದೇ ಪರಿಹಾರ, ಅದರಲ್ಲಿ ಸೋಲೆಂದು ಭಾವಿಸುವ ಕಾರಣವಿಲ್ಲ.

ಅತ್ಯಂತ ಸಾಮಾನ್ಯವಾದ ತೊಡಕೆಂದರೆ ಬಿರಡೆ ತಾನಾಗಿ ಬಿದ್ದುಹೋಗುವುದು. ಎಷ್ಟೋ ಸಲ ಇದು ರೋಗಿಗೆ ತಿಳಿಯುವುದೇ ಇಲ್ಲ. ಹಳೆಯ ಉರಿ ಒಂದು ಕಣ್ಣಿನಲ್ಲಿ ಮಾತ್ರ ಮರುಕಳಿಸಿದರೆ ಅದನ್ನು ಶಂಕಿಸಬೇಕು. ರಂಧ್ರದ ಬಳಿ ಮಾಂಸ ಬೆಳೆದು ಬಿರಡೆಯನ್ನು ಹೊರನೂಕುವುದು, ತಲೆಯ ಅಂಚು ಕಣ್ಣಿನ ಬಿಳಿಯ ಭಾಗವನ್ನು ಉಜ್ಜಿ ಕೆಂಪಾಗಿಸುವುದು, ಬಿರಡೆ ಒಳಕ್ಕೆ ಜಾರಿ ಕಿರುನಾಳದಲ್ಲಿ ಊತವನ್ನೂ ಕೀವನ್ನೂ ಉಂಟುಮಾಡುವುದು ಅಪರೂಪವಾದರೂ ಅಲಕ್ಷ್ಯ ಮಾಡತಕ್ಕವಲ್ಲ. ಬಿರಡೆ ಯಾವ ಜಾತಿಯದು, ಯಾವ ರಂಧ್ರದಲ್ಲಿದೆ, ಎಂದು ಇಟ್ಟದ್ದು ಎಂಬುದನ್ನು ಬರೆದ ಚೀಟಿಯನ್ನು ರೋಗಿ ತನ್ನ ಬಳಿ ಕಾಪಾಡಿಕೊಂಡಿದ್ದರೆ, ವರ್ಷಗಳು ಕಳೆದು ಬೇರೊಬ್ಬ ವೈದ್ಯರ ಮುಂದೆ ಕುಳಿತಾಗ ಅದರಿಂದ ಆಗುವ ಉಪಕಾರ ದೊಡ್ಡದು. ವಿಶೇಷವಾಗಿ ಕಣ್ಣಿಗೆ ಕಾಣದಂತೆ ಒಳಗಿರುವ ಜಾತಿಯಲ್ಲಿ.

ಇಷ್ಟು ವ್ಯಾಪಕವಾಗಿ ಬಳಕೆಯಲ್ಲಿರುವ ಚಿಕಿತ್ಸೆಗೆ ಪ್ರಮಾಣಗಳು ಅಷ್ಟೇ ದೃಢವಾಗಿವೆಯೆಂದು ಹೇಳಲಾಗದು. ಪ್ರಪಂಚದ ವೈದ್ಯಕೀಯ ಪ್ರಯೋಗಗಳನ್ನು ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಸಮೀಕ್ಷೆಯು, ಪ್ರಯೋಗಗಳು ಚಿಕ್ಕವೂ ಒಂದಕ್ಕೊಂದು ಹೊಂದದವೂ ಆಗಿರುವುದರಿಂದ ಬಿರಡೆಯ ಪ್ರಯೋಜನವನ್ನು ಕುರಿತು ನಿರ್ಣಾಯಕವಾಗಿ ಹೇಳಲು ಸಾಧ್ಯವಿಲ್ಲವೆಂದು ಅಭಿಪ್ರಾಯಪಟ್ಟಿತು. ಬೇರೆ ಬೇರೆ ಕಾರಣದ ಶುಷ್ಕತೆಯುಳ್ಳವರನ್ನು ಒಂದೇ ಗುಂಪಿನಲ್ಲಿ ಎಣಿಸಿದರೆ, ನೀರಿನ ಕೊರತೆಯಿಂದ ಬಳಲಿ ಬಿರಡೆಯಿಂದ ಸುಖಪಟ್ಟವನ ಲಾಭವು, ಜಿಡ್ಡಿನ ದೋಷವಿದ್ದು ಏನೂ ಲಾಭ ಕಾಣದವನ ಲೆಕ್ಕದಲ್ಲಿ ಕರಗಿಹೋಗುವುದು ಸ್ವಾಭಾವಿಕವಾದ್ದರಿಂದ, ಆ ತೀರ್ಮಾನವನ್ನು ನಿರಾಕರಣೆಯೆಂದು ಓದದೆ ಎಚ್ಚರಿಕೆಯೆಂದು ಓದುವುದು ಯುಕ್ತವೆಂದು ತೋರುತ್ತದೆ.

ಬಿರಡೆಗಳು ಪದೇ ಪದೇ ಬೀಳುತ್ತಿದ್ದು, ಶುಷ್ಕತೆ ಅತಿ ತೀವ್ರವಾಗಿ ಮುಂದೆಯೂ ತಗ್ಗುವ ಆಸೆಯಿಲ್ಲದವರಲ್ಲಿ, ಬೀತಮನ ಹಳೆಯ ಮಾರ್ಗವಾದ ಸುಡುವಿಕೆಯೇ ಇಂದಿಗೂ ಕೊನೆಯ ಆಯ್ಕೆ. ಹಾಗೆ ಮುಚ್ಚಿದ ರಂಧ್ರವೂ ಒಮ್ಮೊಮ್ಮೆ ತಾನಾಗಿ ಮತ್ತೆ ತೆರೆದುಕೊಳ್ಳುತ್ತದೆ. ಅದೇ ರಂಧ್ರವನ್ನು ಔಷಧ ತಂಗುವ ಸ್ಥಳವನ್ನಾಗಿ ಮಾಡುವ ಪ್ರಯತ್ನವೂ ಫಲಿಸಿದೆ: 0.4 ಮಿಲಿಗ್ರಾಂ ಡೆಕ್ಸಾಮೆಥಸೋನನ್ನು ಸುಮಾರು 30 ದಿನಗಳ ಕಾಲ ಮೆಲ್ಲಗೆ ಬಿಡುತ್ತ ಕ್ರಮೇಣ ಕರಗಿಹೋಗುವ ಕಿರುನಾಳದ ಬಿರಡೆಗೆ ಅಮೆರಿಕದಲ್ಲಿ 2018ರಲ್ಲಿ, ಕಣ್ಣಿನ ಶಸ್ತ್ರಕ್ರಿಯೆಯ ಅನಂತರದ ನೋವಿಗಾಗಿ, ಅನುಮತಿ ದೊರೆಯಿತು. ನೀರನ್ನು ಉಳಿಸುವುದಕ್ಕೆ ಬದಲಾಗಿ ಹುಟ್ಟಿಸುವ ದಿಕ್ಕಿನಲ್ಲಿ, ಮೂಗಿಗೆ ಸಿಂಪಡಿಸಿ ಅಲ್ಲಿನ ನರದ ಮೂಲಕ ಅಶ್ರುಗ್ರಂಥಿಯನ್ನು ಪ್ರಚೋದಿಸುವ ವಾರೆನಿಕ್ಲಿನ್ ಔಷಧಕ್ಕೂ ಅದೇ ದೇಶದಲ್ಲಿ 2021ರಲ್ಲಿ ಮನ್ನಣೆ ಸಿಕ್ಕಿತು. ಗ್ರಂಥಿಯಲ್ಲಿ ಇನ್ನೂ ಸತ್ವ ಉಳಿದಿರುವವರಿಗೆ ಇದರಿಂದ ನೆರವು ಸಿಗಬಹುದು. ಗ್ರಂಥಿಯೇ ನಾಶವಾದವರಿಗೆ ಬಿರಡೆ, ಸಂರಕ್ಷಕವಿಲ್ಲದ ಕೃತಕಾಶ್ರು ಮತ್ತು ರೋಗಿಯ ಸ್ವಂತ ರಕ್ತದ ಸೀರಮ್ಮಿನಿಂದ ತಯಾರಿಸಿದ ಹನಿ, ಇವು ಮುಖ್ಯವಾದ ಆಸರೆಗಳಾಗಿ ಮುಂದುವರಿದಿವೆ.